ನಗೆಹಬ್ಬಕ್ಕೆ ಕತ್ತರಿ

"ಇವತ್ತು ಒಂದೇ ಒಂದು ದೂರು ಬರ್ಲಿ, ನಿನ್ನ ನಗೆಹಬ್ಬಕ್ಕೆ ಇದೇ ಕೊನೇ ವರ್ಷ!"

ಬೀದಿ ಸಂಘದ ಅಧ್ಯಕ್ಷರು ಬೆಳ್ಳಂಬೆಳಗ್ಗೆ ಹೊಲಿಗೆಯಂಗಡಿಗೆ ಬಂದು ಹೀಗೆ ಗುಡುಗಿ ಹೋದಾಗ ದರ್ಜಿ ಹೊಲಿಗೆ ಬಿಟ್ಟು ಎದ್ದ. ಆ ಹಬ್ಬ ಅವನೇ ಹೆತ್ತ ಕೂಸು. ಬೀದಿಯವರ ಮೇಲೆ ಜೋಕು ಕಟ್ಟಿ ಬೀದಿಯವರಿಗೇ ಹೇಳುವುದು, ಅಷ್ಟೇ. ಮೊದಲ ವರ್ಷ ಜನ ಕಿಟಕಿಗೆ ಜೋತುಬಿದ್ದು ನಕ್ಕಿದ್ದರು. ಆದರೆ ಯಾರ ಮೇಲೆ ಜೋಕು ಬಿತ್ತೋ ಅವರು ಮರುವರ್ಷ ಇತ್ತ ತಲೆ ಹಾಕಲಿಲ್ಲ. ಹೀಗೇ ಸಾಲು ಸಾಲಾಗಿ ಖಾಲಿಯಾಗುತ್ತ, ಕಳೆದ ಸಲ ಕುರ್ಚಿಗಳೇ ಕುರ್ಚಿಗಳ ಮುಖ ನೋಡುತ್ತ ಕೂತಿದ್ದವು.

ಈ ಸಲ ಅಪ್ಪಣೆ ಕೇಳಿಯೇ ಜೋಕು ಹೇಳುವುದೆಂದು ಅವನು ಮನೆಮನೆ ಅಲೆದ.

"ನನ್ನ ಸುದ್ದಿಗೆ ಬರ್ಬೇಡಪ್ಪ," ಎಂದ ಬೇಕರಿಯವನು. "ಮೇಷ್ಟ್ರು ಇದಾರಲ್ಲ, ಬೇಕಾದಷ್ಟು ಹೇಳು. ಮುಂದಿನ ಸಾಲಲ್ಲೇ ಕೂರ್ತೀನಿ."

"ಛೇ ಛೇ, ನಾನ್ಯಾಕೆ? ಆ ಬೇಕರಿಯವನನ್ನ ಹಿಡ್ಕೊ," ಎಂದರು ಮೇಷ್ಟ್ರು.

ಪಕ್ಕದವರ ಮಾನ ಹೋಗುವ ಚೆಂದ ನೋಡಲು ಸಂಜೆ ಇಡೀ ಬೀದಿ ಬಂದು ತುಂಬಿತು. ಜೋಕಿಗೆ ಸಿಕ್ಕವನು ಮಾತ್ರ ಒಬ್ಬನೇ, ದರ್ಜಿ. ಪಾಪ, ವೇದಿಕೆ ಹತ್ತಿದವನೇ ತನ್ನ ಮಾನವನ್ನು ತಾನೇ ಹರಾಜಿಗೆ ಹಾಕಿದ. ತನ್ನ ಗೊರಕೆ, ತನ್ನ ಜಿಪುಣತನ, ಕದ್ದು ತಲೆಗೆ ಬಣ್ಣ ಹಚ್ಚುವುದು, ನೆಂಟರು ಬಂದರೆ ಮಂಚದಡಿ ನುಸುಳುವುದು, ಒಂದನ್ನೂ ಬಿಡಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ಉರುಳಾಡಿದರು. ಅಧ್ಯಕ್ಷರಂತೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಅಬ್ಬಾ, ಹಬ್ಬ ಉಳೀತು!" ಎಂದು ದರ್ಜಿ ಕೆಳಗಿಳಿದರೆ ಬೇಕರಿಯವನು ಕಾಲರ್ ಹಿಡಿದ.

"ಮಂಚದಡಿ ವಿಷಯ ನಿಂಗ್ಯಾರೋ ಹೇಳಿದ್ದು? ನಿನ್ನ ಹೆಸರು ಹಾಕಿ ನನ್ನ ಮಾನ ಕಳೀತೀಯಾ?"

"ಬಣ್ಣದ್ದು ನನ್ನ ಮೇಲೇ ಹೇಳಿದ್ದಲ್ವೇನೋ?" ಎಂದು ಮೇಷ್ಟ್ರು ಮೈಮೇಲೇರಿ ಬಂದರು.

ಕುಂಬಳಕಾಯಿ ಕಳ್ಳ ಎಂದರೆ ಇಡೀ ಬೀದಿಯೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿತ್ತು. "ಅಯ್ಯೋ, ಅದೆಲ್ಲ ನಂದೇ ಕಣ್ರೀ! ನನ್ನಾಣೆಗೂ ನಂದೇ!" ಎಂದು ದರ್ಜಿ ಬಾಯಿ ಬಡಿದುಕೊಂಡ. ಯಾರೂ ನಂಬಲಿಲ್ಲ.

"ನೀನು ಗೊರಕೆ ಅಂದಾಗ ನನ್ನ ಹೆಂಡ್ತಿ ನನ್ನೇ ನೋಡಿ ನಕ್ಳು. ದೂರು ನಂದೂ ಒಂದಿದೆ," ಎಂದರು ಅಧ್ಯಕ್ಷರು. "ಹಬ್ಬ ಮುಗೀತು, ನಡಿ!"

ಕೊನೆಗೆ ದರ್ಜಿ ಸಾಕ್ಷಿಗೆಂದು ಹೆಂಡತಿಯನ್ನೇ ಕರೆತಂದು ನಿಲ್ಲಿಸಿದ. "ನೀನೇ ಹೇಳೇ, ಇದೆಲ್ಲ ನಾನೇ ತಾನೆ?"

ಅವಳ ಕಣ್ಣು ಕೆಂಪಗಾಗಿತ್ತು. "ಸುಳ್ಳು ಯಾಕ್ರೀ ಹೇಳ್ತೀರಾ? ಮೊದಲಿಂದ ಕೊನೇವರ್ಗೂ ನಮ್ಮಪ್ಪನ್ನೇ ಆಡ್ಕೊಂಡ್ರಲ್ಲ!"

ಅವಳ ಹಿಂದೆ ಮಾವನವರು ಆಗಲೇ ಅಂಗಿಯ ತೋಳು ಮಡಚುತ್ತಿದ್ದರು.