ಅತ್ತೆಯ ಜಗಲಿಗೆ ಟ್ರಾನ್ಸ್‌ಫಾರ್ಮರ್ ಇಲ್ಲದ ದೀಪ

ಅಮೋಘಪ್ಪನಿಗೆ ಸಿಟ್ಟು ಬರಲು ಕಾರಣ ಬೇಕಾಗುತ್ತಿರಲಿಲ್ಲ. ಆ ದಿನ ಮಾತ್ರ ಕಾರಣವೂ ಇತ್ತು. ಅದು ಅವನೇ. (ಹೀಗಾದಾಗ ಯಾರ ಮೇಲೆ ಕೂಗಾಡಬೇಕೆಂಬುದೇ ತಿಳಿಯುವುದಿಲ್ಲ.)

ಸ್ಟೇಶನ್ ಬಜಾರದಲ್ಲಿ ಅವನದೊಂದು ರೇಡಿಯೋ, ಮಿಕ್ಸಿ ರಿಪೇರಿ ಅಂಗಡಿ. ಶಾಲೆಗೂ ಅವನಿಗೂ ಬೇಗ ಜಗಳವಾಗಿ, ಉಳಿದ ವಿದ್ಯೆಯನ್ನೆಲ್ಲ ಸೋಲ್ಡರ್ ಹೊಗೆಯಲ್ಲೇ ಕಲಿತಿದ್ದ. ಈಚೆಗೆ ಮೊಬೈಲಿನಲ್ಲಿ ಒಂದು ಹೊಸ ಜಾದು ನೋಡಿದ್ದ: ಗೋಡೆಯ ಕರೆಂಟನ್ನು ಇಳಿಸಲು ಇಟ್ಟಿಗೆಯಂಥ ಟ್ರಾನ್ಸ್‌ಫಾರ್ಮರೇ ಬೇಡ, ಬೆರಳುಗಾತ್ರದ ಒಂದು ಕಂಡೆನ್ಸರ್ ಸಾಕು, ಸಣ್ಣ ಎಲ್‌ಇಡಿ ಲಕಲಕ ಉರಿಯುತ್ತದೆ! ಕಮಲಾಪುರದಲ್ಲಿರುವ ಅತ್ತೆ ಮಲ್ಕಮ್ಮನ ದೇವರ ಜಗಲಿಗೆ ಅಂಥದೊಂದು ದೀಪ ಮಾಡಲು ಕೂತೇಬಿಟ್ಟ.

ಪ್ಲಾಸ್ಟಿಕ್ ಡಬ್ಬಿ ಹಿಡಿದಾಗ ಹೆಂಡತಿ ರಾಜೇಶ್ರೀ ತಕರಾರು ತೆಗೆದಳು.

"ದೇವರ ಮುಂದ ಯಾರರೆ ಪ್ಲಾಸ್ಟಿಕ್ ಇಡ್ತಾರೇನ್ರಿ? ನಮ್ಮವ್ವಗ ಅಷ್ಟು ಅಗ್ಗ ಮಾಡಬ್ಯಾಡ್ರಿ."

"ಮತ್ತೇನು ಬಂಗಾರದಾಗ ಮಾಡ್ಲೇನು?"

"ಹಿತ್ತಾಳಿ ಡಬ್ಬಿ ಅದಲ್ರಿ, ಅದರಾಗ ಮಾಡ್ರಿ."

ಮಾಡಿದ. ರೇಡಿಯೋ ಕಾಲದ ರೂಢಿಯಂತೆ ಒಳಗಿನ ಮೈನಸ್ ತಂತಿಯನ್ನು ಡಬ್ಬಿಯ ಮೈಗೆ ಬೆಸೆದ. ಜೀವಮಾನವಿಡೀ ಅವನ ಕೈ ಹಾಗೇ ಬೆಸೆದಿತ್ತು. ಹಿಂದಿನ ದಿನ ಮಲ್ಕಮ್ಮ ಕುಸನೂರಿನ ಇವರ ಮನೆಗೆ ಬಂದು, ದೀಪವನ್ನು ಚೀಲದಲ್ಲಿಟ್ಟುಕೊಂಡು ಹೋಗಿದ್ದಳು. ಇವತ್ತು ಅಮಾವಾಸ್ಯೆ, ಸಂಜೆಗೆ ದೀಪದ ಪ್ರಥಮ ಪ್ರಜ್ವಲನ ಮಹೋತ್ಸವ.

ಮಧ್ಯಾಹ್ನ ಅಂಗಡಿಯಲ್ಲಿ ಅಂಥದೇ ಇನ್ನೊಂದು ಮಾಡಿ ಹಚ್ಚಿ ನೋಡುವಾಗ, ಕೈಯಲ್ಲಿದ್ದ ಟೆಸ್ಟರ್ ಅಕಸ್ಮಾತ್ ಡಬ್ಬಿಗೆ ತಾಗಿತು. ಟೆಸ್ಟರಿನ ದೀಪ ಹತ್ತಿತು.

ಅಮೋಘಪ್ಪ ತಕ್ಷಣ ಸ್ವಿಚ್ ಆರಿಸಿದ. ಟ್ರಾನ್ಸ್‌ಫಾರ್ಮರ್ ಇದ್ದರೆ ಅದು ನಡುವಿನ ಗೋಡೆಯಿದ್ದಂತೆ, ಬೀದಿಯ ಕರೆಂಟು ಬೀದಿಯಲ್ಲೇ ಉಳಿಯುತ್ತದೆ. ಇಲ್ಲಿ ಗೋಡೆಯೇ ಇಲ್ಲ! ಡಬ್ಬಿಯ ಮೈತುಂಬ ಕರೆಂಟು. ರಬ್ಬರ್ ಚಪ್ಪಲಿ ಹಾಕಿ ಕೆಲಸ ಮಾಡಿದ ತನಗೆ ತಿಳಿದಿರಲಿಲ್ಲ. ಆದರೆ ಅತ್ತೆ? ಹೊಸ ಸಾಮಾನು ಯಾವುದೇ ಬರಲಿ, ಕೈಕಾಲು ತೊಳೆದು, ಬರಿಗಾಲಲ್ಲಿ ನಿಂತು, ಒದ್ದೆ ಬೆರಳಿಂದ ಕುಂಕುಮ ಹಚ್ಚದೆ ಬಿಡುವ ಹೆಂಗಸಲ್ಲ ಅವಳು.

ಫೋನ್ ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಎತ್ತಲಿಲ್ಲ. ಹೆಂಡತಿಗೆ ಹಚ್ಚಿದ.

"ನಿಮ್ಮವ್ವ ಫೋನ್ ಯಾಕ ಎತ್ತವಲ್ಲಳು?"

"ಜಳಕಕ್ಕ ಹೋಗಿರ್ಬೇಕು. ಯಾಕ್ರಿ? ಧ್ವನಿ ಯಾಕ ನಡಗಾಕತ್ತದ?"

"ಯಾರ ಧ್ವನಿ? ಯಾರದೂ ನಡಗವಲ್ಲದು!" ಎಂದು ಗದರಿ ಫೋನಿಟ್ಟ. ಜಳಕವಂತೆ! ತಲೆಯಿಂದ ಪಾದದವರೆಗೆ ಒದ್ದೆ!

ಅಂಗಡಿಯ ಶಟರ್ ಎಳೆದು ಕಮಲಾಪುರದ ಬಸ್ಸಿಗೆ ಓಡಿದ. ಬಸ್ಸು ಕೈ ಮಾಡಿದವರಿಗೆಲ್ಲ ನಿಂತಿತು, ಕೈ ಮಾಡದವರಿಗೂ ನಿಂತಿತು. "ಬೆಳಗಾಗೂತನಕ ಇಲ್ಲೇ ನಿಲ್ಲಸ್ತೀರೇನ್ರಿ?" ಎಂದು ಕಂಡಕ್ಟರನ ಮೇಲೆ ಏರಿಹೋದ. "ಅವಸರ ಇದ್ದವರು ಇಳದು ನಡೀರಿ" ಎಂದ ಕಂಡಕ್ಟರ್. ಕಿಟಕಿಯಾಚೆ ಹೊತ್ತು ಇಳಿಯುತ್ತಿತ್ತು. ಅಮೋಘಪ್ಪನ ಕಣ್ಣೆದುರು ಅತ್ತೆಯ ಒದ್ದೆ ಬೆರಳು ಮೆಲ್ಲಮೆಲ್ಲಗೆ ಡಬ್ಬಿಯ ಕಡೆ ಚಾಚುತ್ತಿತ್ತು. ಹೆಂಡತಿಗೆ ಯಾವ ಮುಖ ತೋರಿಸಲಿ? ಅಳಿಯನೇ ಅತ್ತೆಗೆ... ಮುಂದಿನದನ್ನು ಯೋಚಿಸದಿರಲು ಸೀಟಿನ ಸರಳನ್ನು ಗಟ್ಟಿ ಹಿಡಿದು, ಅದೂ ಹಿತ್ತಾಳೆಯೇನೋ ಎಂಬಂತೆ ಥಟ್ಟನೆ ಬಿಟ್ಟ.

ಅತ್ತೆಯ ಮನೆಗೆ ನುಗ್ಗಿದಾಗ ಜಗಲಿಯ ಮೇಲೆ ದೀಪ ಉರಿಯುತ್ತಿತ್ತು. ಡಬ್ಬಿಯ ಹಣೆಗೆ ಕುಂಕುಮ! ಮುಂದೆ ಮಲ್ಕಮ್ಮ, ಒದ್ದೆ ಕೂದಲು, ಬರಿಗಾಲು.

"ಅತ್ತೀ! ಮುಟ್ಟಬ್ಯಾಡ್ರಿ!"

"ಅಯ್ಯ, ಎದಿ ಒಡಸಿಬಿಟ್ಟೀರಲ್ರಿ ಅಳಿಯಂದ್ರ! ನಾ ಎಲ್ಲಿ ಮುಟ್ಟೀನಿ?"

"ಮತ್ತ ಕುಂಕುಮ?"

ಮಲ್ಕಮ್ಮ ಕೈಯಲ್ಲಿದ್ದ ಲಟ್ಟಣಿಗೆ ಎತ್ತಿ ತೋರಿಸಿದಳು. ತುದಿ ಕೆಂಪಗಿತ್ತು. ನಿಂತದ್ದೂ ಕಟ್ಟಿಗೆಯ ಮಣೆಯ ಮೇಲೆ. "ನೀವು ರಿಪೇರಿ ಮಾಡಿಕೊಟ್ಟ ಮಿಕ್ಸಿ ಹೊಗಿ ಬಿಟ್ಟದ್ದು ಮರತೀರೇನು? ಅವತ್ತಿನಿಂದ ನಿಮ್ಮ ಕೈಯಾಗಿನ ಸಾಮಾನು ಬರೇ ಕೈಲೆ ಮುಟ್ಟಂಗಿಲ್ಲ ನಾನು. ನಮಗೂ ಜೀವ ಬೇಕಲ್ರಿ."

ಬದುಕಿದೆಯಾ ಬಡಜೀವವೇ ಎಂದು ಅಲ್ಲೇ ಕುಸಿದು ಕೂಡಬೇಕಿತ್ತು. ಆದರೆ ಅಮೋಘಪ್ಪನ ಕಿವಿಗೆ ಬಿದ್ದದ್ದು ಮಿಕ್ಸಿಯ ಮಾತು ಮಾತ್ರ. ಯಾಕೆ ಓಡಿಬಂದೆನೆಂಬುದೇ ಮರೆತುಹೋಯಿತು.

"ಅಂದ್ರ ನನ್ನ ಕೆಲಸದ ಮ್ಯಾಲ ಭರೋಸಾ ಇಲ್ಲ?"

"ಭರೋಸಾ ಅದ. ಲಟ್ಟಣಿಗಿ ಮ್ಯಾಲ ಜರಾ ಜಾಸ್ತಿ ಅದ."

"ಏನಾಗ್ತದ ಇದಕ್ಕ? ನೋಡ್ರಿ, ಪ್ಲಗ್ ಕಿತ್ತೀನಿ. ಕರೆಂಟ್ ಖತಂ! ಸಣ್ಣ ಕೂಸು ಹಿಡಕೊಂಡು ಆಡಬಹುದು!" ಎಂದವನೇ ಪ್ಲಗ್ಗಿನ ಎರಡೂ ಪಿನ್ನುಗಳನ್ನು ಮುಷ್ಟಿಯಲ್ಲಿ ಹಿಡಿದು ಎತ್ತಿ ತೋರಿಸಿದ.

ಪ್ಲಗ್ ಕಿತ್ತರೂ ಕಂಡೆನ್ಸರ್ ತನ್ನ ಹೊಟ್ಟೆಯಲ್ಲಿ ಒಂದು ಗುಟುಕು ಕರೆಂಟು ಉಳಿಸಿಕೊಂಡಿರುತ್ತದೆ. ಅದನ್ನು ಇಳಿಸಲು ಅಡ್ಡಕ್ಕೊಂದು ಚಿಕ್ಕ ರೆಸಿಸ್ಟರ್ ಹಾಕಬೇಕು. ಇವನು ಹಾಕಿರಲಿಲ್ಲ. ಆ ಗುಟುಕು ಈಗ ಅಮೋಘಪ್ಪನಿಗೆ ಸಂದಾಯವಾಯಿತು. ಅವನು ಹಾರಿದ ಎತ್ತರವನ್ನು ಜಗಲಿಯ ದೇವರುಗಳೆಲ್ಲ ಕಂಡರು. ಇಳಿದದ್ದು ಜೋಳದ ಚೀಲದ ಮೇಲೆ.

ಅಷ್ಟರಲ್ಲಿ ಮಲ್ಕಮ್ಮನ ಫೋನ್ ಗುಣುಗುಟ್ಟಿತು. ರಾಜೇಶ್ರೀ.

"ಆರಾಮ ಅದೀನಿ ಮಗಳ" ಎಂದಳು ಮಲ್ಕಮ್ಮ. "ನಿನ್ನ ಗಂಡ ಬಂದಾರ. ಜ್ವಾಳದ ಚೀಲದ ಮ್ಯಾಲ ಕುಂತಾರ. ಇಲ್ಲ, ಬೈಯಾಕತ್ತಿಲ್ಲ. ಅದೇ ನನಗೂ ಚಿಂತಿ ಆಗ್ಯದ."

ಅಮೋಘಪ್ಪನ ಕೂದಲು ನೆಟ್ಟಗೆ ನಿಂತಿತ್ತು.

ಮಲ್ಕಮ್ಮ ಒಳಗೆ ಹೋಗಿ ಚಹಾ ಮಾಡಿ ತಂದಳು. ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಕಪ್ಪುಬಶಿಯನ್ನು ಮಣೆಯ ಮೇಲಿಟ್ಟು, ದೂರ ನಿಂತು, ಲಟ್ಟಣಿಗೆಯಿಂದ ಮಣೆಯನ್ನು ಮೆಲ್ಲಗೆ ಅವನ ಕಡೆ ನೂಕಿದಳು.