ಆಷಾಢಕ್ಕೆ ಹೋದ ಸೀಮಂತ

ಆದದ್ದು ಇಷ್ಟೇ: ನಮ್ಮ ಬಡಾವಣೆ ಸಂಘದ ಕಂಪ್ಯೂಟರ್ ದಿನವನ್ನು ತಿಂಗಳು ಮಾಡಿತು, ತಿಂಗಳನ್ನು ದಿನ ಮಾಡಿತು. ಹೇಳಲು ಒಂದು ಉಸಿರು ಸಾಕು, ತಿಳಿದುಕೊಳ್ಳಲು ಮಾತ್ರ ಇಡೀ ಮಧ್ಯಾಹ್ನ ಹಿಡಿಯಿತು. ನಾನು ಓದಿದ್ದು ನಾಲ್ಕನೆಯ ತರಗತಿ. ಅದರಲ್ಲೂ ಕೊನೆಯ ಮೂರು ತಿಂಗಳು ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡೇ ಕೂತಿದ್ದೆ, ಪಾಠಕ್ಕಿಂತ ಅವನ ಅಳುವೇ ಹೆಚ್ಚು ಕೇಳಿಸಿತು. ಆದ್ದರಿಂದ ತಬ್ಬಿಬ್ಬಾಗಲು ನನಗೇನೂ ನಾಚಿಕೆಯಿಲ್ಲ. ಓದಿದವರೂ ನನ್ನ ಜೊತೆಗೇ ತಬ್ಬಿಬ್ಬಾದರಲ್ಲ, ಅದೊಂದು ಸಮಾಧಾನ.

ಮೊಮ್ಮಗಳು ಸುಮಾಳ ಸೀಮಂತ ಜೂನ್ ಏಳಕ್ಕೆಂದು ಗೊತ್ತಾಗಿತ್ತು. ಬಸವೇಶ್ವರನಗರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಸಂಘದ ಹಾಲ್ ಇದೆ, ಮಾರ್ಚಿನಲ್ಲೇ ಹೇಳಿಟ್ಟಿದ್ದೆ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಬಿಸಿಲಲ್ಲಿ ಸುತ್ತಿ, ಕುಂಕುಮ ಕೊಟ್ಟು ನೂರಿಪ್ಪತ್ತು ಜನರನ್ನು ಕರೆದಾಗಿತ್ತು. ಇನ್ನು ಒಂದು ವಾರ ಇದೆ ಎನ್ನುವಾಗ ಪಾತ್ರೆ ಕೋಣೆಯ ಬೀಗದ ಕೈ ಕೇಳಲು ಹೋದೆ. ಆಫೀಸು ನೋಡಿಕೊಳ್ಳುವ ಪುಟ್ಟಸ್ವಾಮಿ ಫ್ಯಾಕ್ಟರಿಯಿಂದ ರಿಟೈರಾದ ಮನುಷ್ಯ. ಯುಗಾದಿಯಾದ ಮೇಲೆ ಆಫೀಸಿಗೆ ಕಂಪ್ಯೂಟರ್ ಬಂದ ದಿನದಿಂದ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಆಗಲೂ ಪರದೆಯನ್ನೇ ನೋಡುತ್ತಾ, ನಿಮ್ಮದು ಜುಲೈ ಆರಕ್ಕಲ್ಲವೇ, ಜೂನ್ ಏಳು ಖಾಲಿ ಇತ್ತು, ಸೀರೆ ಮಾರಾಟ ಮೇಳದವರಿಗೆ ಚೀಟಿ ಬರೆದುಕೊಟ್ಟೆ ಎಂದರು.

ಜುಲೈಗೆ ಸುಮಾಗೆ ಎಂಟನೆಯ ತಿಂಗಳು. ನಮ್ಮಲ್ಲಿ ಎಂಟರಲ್ಲಿ ಸೀಮಂತ ಮಾಡುವುದಿಲ್ಲ. ಮೇಲಾಗಿ ಅದು ಆಷಾಢ.

"ಆಷಾಢದಲ್ಲಿ ಯಾರಾದ್ರೂ ಸೀಮಂತ ಮಾಡ್ತಾರೇನಪ್ಪಾ? ನಿಮ್ಮನೇಲಿ ಮಾಡ್ತೀರಾ?"

"ಅಮ್ಮಾ, ಕಂಪ್ಯೂಟರ್ ಸುಳ್ಳು ಹೇಳಲ್ಲ ಕಣಮ್ಮಾ. ನೀವೇ ಮರ್ತಿರ್ತೀರಿ."

ಒಂದು ಗಳಿಗೆ ನಾನೂ ನಂಬಿದೆ. ವಯಸ್ಸಾಗಿದೆ, ಮೊನ್ನೆ ತಾನೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಆದರೂ ಆಷಾಢದಲ್ಲಿ ಇನ್ನೇನೇನಿದೆ ಓದಿ ಎಂದೆ. ಅವರು ಓದಿದರು: ಜುಲೈ ಮೂರು ಗೃಹಪ್ರವೇಶದ ಊಟ, ನಾಲ್ಕು ನಿಶ್ಚಿತಾರ್ಥ, ಐದು ಪಾಪಮ್ಮನ ಮಗನ ಮದುವೆ. ಆ ಮದುವೆ ಮೇ ಏಳಕ್ಕೇ ಮುಗಿದಿತ್ತು, ನಾನೇ ಹೋಗಿ ಎರಡು ಹೋಳಿಗೆ ತಿಂದು ಬಂದಿದ್ದೆ. ನಾನು ತಿಂದು ಅರಗಿಸಿಕೊಂಡ ಮದುವೆ ಕಂಪ್ಯೂಟರಿನ ಪ್ರಕಾರ ಇನ್ನೂ ಆಗಬೇಕಂತೆ.

ಆಮೇಲೆ ಪುಟ್ಟಸ್ವಾಮಿ ರಿಪೇರಿಗೆ ಕೂತರು. ಒಂದು ಸಲ ಒತ್ತಿದರೆ 7/6 ಎಂದು ಬಂತು, ಇಬ್ಬರಿಗೂ ಖುಷಿಯಾಯಿತು. ಇನ್ನೊಂದು ಸಲ ಒತ್ತಿದರೆ 6/7. ತಿಂಗಳ ಹೆಸರೇ ಬರುವಂತೆ ಮಾಡಿ ಎಂದರೆ ಮತ್ತೆ ಜುಲೈ. ಸೀರೆ ಬದಲಾಯಿಸಿದರೆ ಒಳಗಿನ ಹೆಂಗಸು ಬದಲಾಗುತ್ತಾಳೆಯೇ? ವಿಚಿತ್ರವೆಂದರೆ ಮೇ ಹದಿನಾಲ್ಕು, ಇಪ್ಪತ್ತೊಂದು ಎಲ್ಲ ಸರಿಯಾಗಿಯೇ ಇದ್ದವು. ಆ ಸರಿಯಾದವೆಲ್ಲ ಪರದೆಯ ಮೇಲಿನ ಚೌಕಳಿ ಮನೆಗಳಲ್ಲಿ ಎಡಗೋಡೆಗೆ ಒರಗಿದ್ದವು, ತಪ್ಪಿದವೆಲ್ಲ ಬಲಗೋಡೆಗೆ. ನಾನು ಬೆರಳು ಮಡಿಸಿ ಎಣಿಸಿದೆ. ಹನ್ನೆರಡರ ಒಳಗಿನದ್ದೆಲ್ಲ ಕೆಟ್ಟಿದೆ, ಆಚೆಯದ್ದು ಒಂದೂ ಕೆಟ್ಟಿಲ್ಲ. ಯಾಕೆಂದು ಮಾತ್ರ ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಕೊನೆಗೆ ಆ ಪಟ್ಟಿಯನ್ನು ಟೈಪು ಮಾಡಿದ್ದ ಅವರ ಮಗಳಿಗೆ ಫೋನು ಹೋಯಿತು. ಆ ಹುಡುಗಿ ನಗುತ್ತಾ, ಅದು ಅಮೆರಿಕದವರ ಲೆಕ್ಕಕ್ಕೆ ಇಟ್ಟ ಕಂಪ್ಯೂಟರ್, ಅವರು ತಿಂಗಳು ಮೊದಲು ಬರೆಯುತ್ತಾರೆ, ಹದಿಮೂರನೆಯ ತಿಂಗಳು ಇಲ್ಲದ್ದರಿಂದ ಹನ್ನೆರಡರ ಮೇಲಿನದ್ದನ್ನು ಮುಟ್ಟಿಲ್ಲ ಎಂದಳು.

"ಕೈಯಲ್ಲಿ ಬರೀತಿದ್ದ ಹಳೇ ಪುಸ್ತಕ ಎಲ್ಲಪ್ಪಾ?" ಎಂದೆ. ಪುಟ್ಟಸ್ವಾಮಿ ಮೊದಲ ಸಲ ನನ್ನ ಮುಖ ನೋಡಿದರು. ಪರದೆ ಎತ್ತರವಾಗಲೆಂದು ಪುಸ್ತಕವನ್ನು ಅದರ ಅಡಿಗೇ ಕೊಟ್ಟಿದ್ದರು. ಎಳೆದು ತೆಗೆದರೆ ಅವರದೇ ಅಕ್ಷರದಲ್ಲಿ ಜೂನ್ ಏಳು, ಪಕ್ಕದಲ್ಲಿ ನನ್ನ ಸೊಟ್ಟ ರುಜು.

ಸೀರೆ ಮೇಳದ ಹೆಂಗಸನ್ನು ಕರೆಸಿದರು. ಚೀಟಿ ಹಿಡಿದು ಜಗಳಕ್ಕೇ ಬಂದಿದ್ದಳು. ಜೂನ್ ಏಳರ ಬದಲು ಜುಲೈ ಆರು ತಗೋ ತಾಯಿ, ಆಷಾಢ, ಹಾಲ್ ಯಾರಿಗೂ ಬೇಡ ಎಂದೆ. ಅವಳ ಮುಖ ಅರಳಿತು. "ಆಂಟಿ, ಆಷಾಢ ಸೇಲ್ ಅಂತ ಬೋರ್ಡ್ ಹಾಕಿದ್ರೆ ಡಬಲ್ ಜನ ಬರ್ತಾರೆ," ಎಂದು ಅಲ್ಲೇ ಒಪ್ಪಿಕೊಂಡಳು. ಸುಮಾಳ ಸೀಮಂತ ಉಳಿಯಿತು. ಯಂತ್ರ ಹೇಳಿದ ಹಾಗೆ ಕುಣಿಯುತ್ತೀರಲ್ಲ, ತಲೆ ಬೇಡವೇ ಎಂದು ಪುಟ್ಟಸ್ವಾಮಿಗೆ ಬೈದು, ಬೀಗದ ಕೈ ತೆಗೆದುಕೊಂಡು ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ಸುಮಾಳ ತಂಗಿಯ ನಿಶ್ಚಿತಾರ್ಥಕ್ಕೆ ದಿನ ಕೇಳಲು ವಿಜಯನಗರದ ಶಾಸ್ತ್ರಿಗಳ ಮನೆಗೆ ಹೋದೆ. ಅವರು ಪಂಚಾಂಗ ಬಿಡಿಸಿ, ಆಗಸ್ಟ್ ಐದು ಬಹಳ ಶ್ರೇಷ್ಠ, ಹದಿನಾಲ್ಕು ಪರವಾಗಿಲ್ಲ ಎಂದರು. ನಾನು ಹನ್ನೆರಡು ದಾಟಿದ ಹದಿನಾಲ್ಕನ್ನೇ ಗಟ್ಟಿ ಮಾಡಿಕೊಂಡು ಬಂದೆ.