ಭಾವನ ಸುಡುಮಣ್ಣು

ನಮ್ಮ ಭಾವನಷ್ಟು ಮಣ್ಣಿನ ಹುಚ್ಚಿರುವವರು ಇಡೀ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬರಿಲ್ಲ. ಇದ್ದರೆ, ದಯವಿಟ್ಟು ನಮ್ಮ ಭಾವನಿಗೆ ಪರಿಚಯ ಮಾಡಿಸಬೇಡಿ!

ಎಂಬತ್ತರ ದಶಕದ ಮಾತು. ನಾನು ಫ್ರೀಮಾಂಟಿನಲ್ಲಿ ಅಕ್ಕ-ಭಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ. ಊರಿಂದ ಯಾರೇ ಬರಲಿ, ಭಾವ ಅವರಿಗೆ ಗೋಲ್ಡನ್ ಗೇಟ್ ತೋರಿಸುತ್ತಿರಲಿಲ್ಲ. ಫ್ರೀವೇ ಹಿಡಿದು, ನದಿಗಳು ಕೂಡುವ ಡೆಲ್ಟಾ ಎಂಬ ತಗ್ಗಿನ ಸೀಮೆಗೆ ಒಯ್ದು ಪೀಟ್ ಮಣ್ಣು ತೋರಿಸುತ್ತಿದ್ದರು! ಸಾವಿರಾರು ವರ್ಷ ಜೊಂಡುಹುಲ್ಲು ನೀರಿನಡಿ ಕೊಳೆತು ಆದ ಕಪ್ಪು ಮಣ್ಣು ಅದು. ಅಲ್ಲಿ ಹೊಲಗಳೆಲ್ಲ ನದಿಗಿಂತ ಕೆಳಗೆ, ಸುತ್ತ ಎತ್ತರದ ಒಡ್ಡು. ರೈತರ ಅಂಗಳದಲ್ಲಿ ನಿಂತು ಕತ್ತೆತ್ತಿದರೆ ಮೇಲೆ ದೋಣಿ ಹೋಗುತ್ತಿರುತ್ತದೆ. ಅದನ್ನು ಕಂಡ ಮೈಸೂರಿನ ಪ್ರೊಫೆಸರೊಬ್ಬರು ಕಾರಿನಿಂದ ಇಳಿಯಲೇ ಇಲ್ಲ.

ಇಷ್ಟೆಲ್ಲ ಯಾಕೆ? ಮಲ್ಲಿಗೆಗಾಗಿ! ಅಕ್ಕನೂ ನಾನೂ ಹುಟ್ಟಿದ್ದು ಉಡುಪಿ ಕಡೆಯ ಮಲ್ಲಿಗೆ ಬೆಳೆಯುವವರ ಮನೆಯಲ್ಲಿ. ಇಲ್ಲಿ ಎರಡು ಗಿಡ ಆಗಲೇ ಸತ್ತಿದ್ದವು. ಮೂರನೆಯದೂ ಹೂ ಬಿಡದಿದ್ದರೆ ಊರಿಗೆ ಟಿಕೆಟು ತೆಗೆಸಿ ಎಂದು ಅಕ್ಕ ಗಡುವು ಕೊಟ್ಟಿದ್ದಳು. ಗಿಡಕ್ಕೆ ತಾನು ಮಾತ್ರ ಕೈ ಹಚ್ಚುತ್ತಿರಲಿಲ್ಲ. "ನಿಮ್ಮ ಅಮೆರಿಕದ ಮಣ್ಣು, ನೀವೇ ನೆಡಿ" ಎಂದುಬಿಟ್ಟಿದ್ದಳು.

ನಮ್ಮ ಕಡೆ ಒಣಸೊಪ್ಪಿನ ಮೇಲೆ ಮಣ್ಣು ಪೇರಿಸಿ, ಬೆಂಕಿ ಕೊಟ್ಟು ಸುಡುಮಣ್ಣು ಮಾಡುತ್ತಾರೆ. ಮಲ್ಲಿಗೆಗೆ ಅದು ಮೃಷ್ಟಾನ್ನ. ಡೆಲ್ಟಾದ ರೈತನೊಬ್ಬನನ್ನು ಕಾಡಿ ಬೇಡಿ ಮೂರು ಮೂಟೆ ಪೀಟ್ ತಂದ ಭಾವ, ಹಿತ್ತಲಲ್ಲಿ ಅದಕ್ಕೂ ಅದೇ ಸೇವೆ ಸಲ್ಲಿಸಿದರು. ಊರಿನ ಮಣ್ಣಾದರೋ ಸುಟ್ಟು ಸುಮ್ಮನಾಗುತ್ತದೆ. ಇದು ತಾನೇ ಉರಿಯುವ ಮಣ್ಣು! ಸೋಮವಾರ ಹೊಗೆ, ಮಂಗಳವಾರ ಹೊಗೆ, ಬುಧವಾರ ಫೈರ್ ಇಂಜಿನ್ನು.

ಏನು ಉರಿಯುತ್ತಿದೆ ಎಂದು ಅದರಿಂದ ಇಳಿದವನು ಕೇಳಿದ. ಮಣ್ಣು ಎಂದರು ಭಾವ. ಆತ ಮತ್ತೆ ಕೇಳಿದ. ಮತ್ತೆ ಮಣ್ಣು ಎಂದರು. ಆತ ಹತ್ತಿರ ಬಂದು ಭಾವನ ಬಾಯಿ ಮೂಸಿ ನೋಡಿದ! ಆಮೇಲೆ ಪೈಪು ಬಿಟ್ಟರು ನೋಡಿ, ಬೆಂಕಿ ಆರುವುದರ ಜೊತೆಗೆ ಪಕ್ಕದಲ್ಲಿದ್ದ ಮೂರನೆಯ ಮಲ್ಲಿಗೆಯ ಗಿಡವೂ ಕಿತ್ತುಹೋಯಿತು.

ಅವರು ಹೋದ ಮೇಲೆ ಭಾವ ಕೆಸರಿನಲ್ಲಿ ಮೊಣಕಾಲೂರಿ ಹುಡುಕಿ ಗಿಡವನ್ನು ಎತ್ತಿದರು. ಎಲೆಯೆಲ್ಲ ಉದುರಿತ್ತು, ಬೇರು ಒಂದಿಷ್ಟು ಉಳಿದಿತ್ತು. ನಗಬೇಕೆಂದು ಬಾಯಿ ತೆರೆದ ನಾನು ಅವರ ಮುಖ ಕಂಡು ಖಾಲಿ ಮೂಟೆಗಳನ್ನು ಮಡಚತೊಡಗಿದೆ.

"ಟಿಕೆಟು ತೆಗೆಸ್ತೇನೆ ಮಾರಾಯ್ತಿ" ಎಂದರು, ಅಕ್ಕನ ಕಡೆ ನೋಡದೆ.

ಅಕ್ಕ ಮೆಟ್ಟಿಲಿಳಿದು ಬಂದು ಅವರ ಕೈಯಿಂದ ಗಿಡ ತೆಗೆದುಕೊಂಡಳು. "ನೀವು ಹೋಗಿ ಮುಖ ತೊಳ್ಕೊಳ್ಳಿ. ಇದನ್ನು ನಾನು ನೆಡ್ತೇನೆ."

ಸೆರಗು ಸಿಕ್ಕಿಸಿಕೊಂಡು, ಇನ್ನೂ ಬೆಚ್ಚಗಿದ್ದ ಆ ಕಪ್ಪು ಮಣ್ಣಿಗೆ ಎರಡೂ ಕೈ ಹಾಕಿದಳು.